ಜೀರಹಳ್ಳಿಗೆ ಬಂದ ಸೋದರಮಾವ

ಮಗುವಿನ ಕಿವಿ ಚುಚ್ಚುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಜೀರಹಳ್ಳಿಯ ಸೊಸೆ ಶಿವರಂಜನಿಗೆ ಒಡಹುಟ್ಟಿದವರೇ ಇರಲಿಲ್ಲ. ಅಪ್ಪ, ಅಮ್ಮ ತೀರಿಕೊಂಡ ಮೇಲೆ ತವರೆಂದರೆ ಬೀಗ ಹಾಕಿದ ಮನೆ. ಗೌರಿ ಹಬ್ಬಕ್ಕೆ ಓರಗಿತ್ತಿಯರ ಅಣ್ಣಂದಿರು ಸೀರೆ ಹಿಡಿದು ಬಂದಾಗ ಅವಳು ಹಿತ್ತಿಲಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

“ದೂರದ ನೆಂಟ್ರಲ್ಲಿ ಯಾರನ್ನಾರ ಕರ್ದು ಕೂರ್ಸು ಬುಡವ್ವ” ಎಂದರು ಗಂಡನ ದೊಡ್ಡಪ್ಪ ಗುರುಮಲ್ಲಪ್ಪ.

“ಮುರುಗನ್ ಅಣ್ಣನ್ನ ಕರೀತೀನಿ ದೊಡ್ಡಯ್ಯ.”

“ಯಾರು, ಆ ಕೋಸಿನ ಲಾರಿ ಡ್ರೈವರ್ನಾ?”

ಅವನೇ. ಹೆರಿಗೆ ನೋವು ಶುರುವಾಗಿ ಸತ್ಯಮಂಗಲಕ್ಕೆ ಹೊರಟಿದ್ದ ಕಾರು ಹಾಸನೂರು ದಾಟಿ ಕೆಟ್ಟು ನಿಂತಾಗ, ಎಲೆಕೋಸು ತುಂಬಿದ್ದ ಲಾರಿಗೆ ಅವಳನ್ನೂ ಅತ್ತೆ ಶಾಂತಮಲ್ಲಮ್ಮನನ್ನೂ ಹತ್ತಿಸಿಕೊಂಡವನು. ದಿಂಬಂ ಘಾಟಿ ಇಳಿಯುವ ತಿರುವೊಂದರಲ್ಲೇ ಮಗು ಹುಟ್ಟಿತು. ಲಾರಿ ನಿಲ್ಲಿಸಿ ಬೆನ್ನು ತಿರುಗಿಸಿ ನಿಂತಿದ್ದ ಮುರುಗನ್, ಪಳನಿಗೆ ಹೋಗಲೆಂದು ಕೊಂಡಿದ್ದ ಹೊಸ ಪಂಚೆಯನ್ನು ಹಾಗೆಯೇ ಹಿಂದಕ್ಕೆ ಚಾಚಿದ್ದ. ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡು ಒಳಗೆ ಓಡಿದವನನ್ನು ನರ್ಸು ತಡೆದು, ನೀನು ಯಾರು ಎಂದು ಗದರಿದಾಗ ತಬ್ಬಿಬ್ಬಾಗಿ “ತಾಯ್ ಮಾಮನ್” ಅಂದುಬಿಟ್ಟಿದ್ದ. ಸೋದರಮಾವ! ಅರೆ ಎಚ್ಚರದಲ್ಲಿದ್ದ ಶಿವರಂಜನಿಗೆ ಆ ಮಾತು ಕೇಳಿಸಿತ್ತು. ಸುಳ್ಳೆಂದು ಗೊತ್ತಿದ್ದೂ ಅವಳು ಆ ಮಾತಿಗೇ ತಲೆಯೊರಗಿಸಿ ಕಣ್ಣು ಮುಚ್ಚಿದ್ದಳು.

ಫೋನು ಮಾಡಿ ಕರೆದಳು. ಮುರುಗನ್ ಹೆಂಡತಿ ಸರೋಜಾಳ ಜೊತೆ, ತಟ್ಟೆ ತುಂಬ ಹಣ್ಣು, ಬಟ್ಟೆ, ಬೆಳ್ಳಿ ಗೆಜ್ಜೆ ಹೊತ್ತುಕೊಂಡೇ ಬಂದ. ಚಪ್ಪರದಲ್ಲಿ ಎಲ್ಲರಿಗೂ ಕೇಳುವಂತೆ ಗುರುಮಲ್ಲಪ್ಪ ಗೊಣಗಿದರು: “ಲಿಂಗ ಕಟ್ದೋನಲ್ಲ, ಕುಲ ಗೊತ್ತಿಲ್ಲ. ಅವನ ತೊಡೆ ಮ್ಯಾಲೆ ನಮ್ಮನೆ ಕೂಸಾ?”

ಮುರುಗನ್‌ಗೆ ಕನ್ನಡ ಬರುತ್ತಿತ್ತು. “ಬೇಡ ತಂಗಚ್ಚಿ, ನಾನು ಇಲ್ಲೇ ನಿಂತು ನೋಡ್ತೀನಿ” ಎಂದು ಕಂಬದ ಹತ್ತಿರ ಸರಿದ.

ಶಿವರಂಜನಿ ಈವರೆಗೆ ಹೂಂ ಅನ್ನದ, ಉಹೂಂ ಅನ್ನದ ಅತ್ತೆಯ ಮುಖ ನೋಡಿದಳು. ಶಾಂತಮಲ್ಲಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

“ಬಾವ, ಗಾಟೀಲಿ ಈ ಕೂಸು ಈಚೆ ಬಂದಾಗ ಅದ್ಕೆ ಸುತ್ತಿದ್ದು ಯಾರ ಪಂಚೆ? ಆಗ ಅದ್ರ ಕುಲ ಕೇಳೋಕೆ ನಂಗೆ ಪುರುಸೊತ್ತಿರ್ನಿಲ್ಲ.”

ಯಾರೋ ಕಿಸಕ್ಕೆಂದರು. ಶಾಂತಮಲ್ಲಮ್ಮ ದೇವರ ಕೋಣೆಯಿಂದ ವಿಭೂತಿ ತಂದು ಮುರುಗನ್‌ನ ಹಣೆಗೆ ತಾವೇ ಎಳೆದರು. “ಕುಂತ್ಕಪ್ಪ. ಗಟ್ಟಿಯಾಗಿ ಇಡ್ಕ, ಒದೀತಾಳೆ.”

“ಬಿರ್ನೆ ಮುಗ್ಸಿ ಅತ್ಲಾಗಿ, ಒಟ್ಟೆ ಅಸೀತದೆ” ಎಂದು ಗುರುಮಲ್ಲಪ್ಪ ಆ ಕಡೆ ತಿರುಗಿ ಕೂತರು.

ಆಚಾರಿ ಚುಚ್ಚಿದ್ದೇ ಮಗು ಕಿರುಚಿ ಮುರುಗನ್‌ನ ಮೀಸೆ ಹಿಡಿದು ಜಗ್ಗಿತು. ಅವನ ಕಣ್ಣಲ್ಲಿ ನೀರು. ಮೀಸೆಯ ನೋವಿಗೋ ಏನೋ, ಯಾರೂ ಕೇಳಲಿಲ್ಲ.

ಊಟ ಮುಗಿಸಿ ಹೊರಡುವಾಗ ಸರೋಜಾ ಶಿವರಂಜನಿಯ ಕೈ ಹಿಡಿದು ಪಕ್ಕಕ್ಕೆ ಕರೆದಳು. “ಪೊಂಗಲ್‌ಗೆ ಅಣ್ಣನ ಮನೆ ಸೀರ್, ಅದೇ ಉಡುಗೊರೆ, ಬರಬೇಕಲ್ಲಾ. ನಿಮ್ಗೆ ಯಾವ ಕಲರ್ ಸೀರೆ ತರ್ಲಿ?”

ಶಿವರಂಜನಿ ಕರೆದದ್ದು ಮಗಳಿಗೊಬ್ಬ ಮಾವನನ್ನು. ತನಗೂ ಒಬ್ಬ ಅಣ್ಣ ಬಂದಾನೆಂದು ಅವಳು ಎಣಿಸಿರಲಿಲ್ಲ.

“ಯಾವ್ದಾದ್ರೂ ಸರಿ ಅತ್ತಿಗೆ” ಎಂದಳು. ಆ ಕರೆ ಬಾಯಿಗೆ ಹೊಸದು. ಇನ್ನೊಮ್ಮೆ ಅನ್ನಬೇಕೆನಿಸಿತು. “ಅತ್ತಿಗೆ, ಅಸ್ರುದ್ದು ತನ್ನಿ. ಜರಿ ಅಗಲ ಇರ್ಲಿ. ಸಣ್ಣ ಜರಿ ತಂದ್ರೆ ನಾ ಉಡಾಕಿಲ್ಲ.”

“ನೋಡು, ಈಗ್ಲೇ ಜಗಳ ಶುರು ಮಾಡಿದ್ಲು!” ಮುರುಗನ್ ಲಾರಿಯ ಬಾಗಿಲು ಹಿಡಿದು ನಕ್ಕ.