ಒಂದೇ ಕೊಕ್ಕೆಯ ಲಂಗರು

ಗ್ಲೆನಿಸ್ ಉಂಗುರದೊಳಗೆ ಹಾ ಎಂದು ಉಸಿರು ಬಿಟ್ಟು, ಮಂಜು ಆರುವ ಮುಂಚೆ ಕಿಟಕಿಯ ಬೆಳಕಿಗೆ ಹಿಡಿದಳು. ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದ ಚಿನ್ನಕ್ಕೆ ಒತ್ತುವ ಲಂಗರಿನ ಮುದ್ರೆ ಅರ್ಧ ಕಾಣಿಸಿತು. ವರ್ಷ ಹೇಳಬೇಕಾದ ಅಕ್ಷರವಂತೂ ಅಳಿಸಿಯೇ ಹೋಗಿತ್ತು.

“ಎಷ್ಟು ಸಲ ನೋಡ್ತೀಯಕ್ಕಾ?” ತಮ್ಮ ಕ್ಲೈವ್ ಗಡಿಯಾರ ನೋಡಿಕೊಂಡ. “ಜಾಸ್ತಿ ಸವೆದಿರೋದೇ ಅಜ್ಜಿದು. ಇದಕ್ಕೂ ಪಂಡಿತರು ಬೇಕಾ?”

“ತಪ್ಪಾದ್ರೆ? ಸುಟ್ಟಮೇಲೆ ಎಲ್ಲಿಂದ ತರ್ತೀಯ?”

ಅಮ್ಮ ಬೆರಿಲ್ ಒಂದೇ ಬೆರಳಿಗೆ ಎರಡು ಉಂಗುರ ಹಾಕುತ್ತಿದ್ದಳು. ಒಂದು ಅವಳ ಮದುವೆಯದು, ಇನ್ನೊಂದು ಅವಳ ತಾಯಿಯದು. ಎರಡೂ ಕಲ್ಲಿಲ್ಲದ ಸಾದಾ ಉಂಗುರಗಳು, ಒಂದೇ ಅಳತೆಯವು; ವರ್ಷದ ಅಕ್ಷರ ಎರಡರಲ್ಲೂ ಅಳಿಸಿತ್ತು. ಸಾಯುವ ಮುನ್ನ ಅವಳು ಕೇಳಿದ್ದು ಇಷ್ಟೇ: ಗಂಡ ರಾನ್ ಕೊಟ್ಟದ್ದು ತನ್ನ ಜೊತೆ ಬರಲಿ, ಅಮ್ಮನದು ಮೊಮ್ಮಗಳು ಲೋರ್ನಾಗೆ ಹೋಗಲಿ. ಶವಸಂಸ್ಕಾರದ ಕೆಲಸದ ಪ್ಯೂ ಒಳ್ಳೆಯ ಮನಸ್ಸಿನಿಂದಲೇ ಎರಡನ್ನೂ ಬಿಚ್ಚಿ, ಉಜ್ಜಿ ಹೊಳಪು ಬರಿಸಿ, ಒಂದೇ ಲಕೋಟೆಯಲ್ಲಿ ಹಾಕಿಟ್ಟಿದ್ದ. ಕಡಿಮೆ ಸವೆದದ್ದನ್ನು ಈಗ ಅಮ್ಮನ ಬೆರಳಿಗೆ ಹಾಕಿ ಆಗಿತ್ತು. ಹನ್ನೊಂದಕ್ಕೆ ಶವಪೆಟ್ಟಿಗೆಯ ಮುಚ್ಚಳ ಹಾಕಿ ದಹನಕ್ಕೆ ಒಯ್ಯಬೇಕು, ಹತ್ತೇ ನಿಮಿಷ ಉಳಿದಿತ್ತು.

ಆಗ ಏದುಸಿರು ಬಿಡುತ್ತ ವಿಲ್ಫ್ ಬಂದ. ಚಿನ್ನದ ಕಾರ್ಖಾನೆಯಲ್ಲಿ ಬೆರಿಲ್‌ಳ ಪಕ್ಕದ ಮೇಜಿನಲ್ಲಿ ಮೂವತ್ತು ವರ್ಷ ಕೂತವನು.

“ಬಸ್ಸು ಕೈಕೊಡ್ತು ಮಗಳೇ.”

“ವಿಲ್ಫ್ ಮಾಮ, ಮೊದಲು ಇದನ್ನ ನೋಡು.”

ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಒತ್ತಿಕೊಂಡ.

“ಇನ್ನೊಂದೆಲ್ಲಿ?”

“ಅಮ್ಮನ ಬೆರಳಲ್ಲಿ.”

“ತೆಗಿ ಅದನ್ನ. ಬೇಗ.”

*

ಪ್ರತಿ ಕ್ರಿಸ್‌ಮಸ್‌ನ ಹಿಂದಿನ ದಿನ, ಕಾರ್ಖಾನೆಯ ಕೆಲಸ ಮುಗಿದ ಮೇಲೆ, ಬೆರಿಲ್ ತನ್ನ ಮದುವೆಯುಂಗುರ ಬಿಚ್ಚಿ ಎಡಗೈಯಲ್ಲಿ ಹಿಡಿದು ಪಾಲಿಶ್ ಚಕ್ರಕ್ಕೆ ಒಡ್ಡುತ್ತಿದ್ದಳು. ಒಳಗೂ ಹೊರಗೂ ಉಜ್ಜುತ್ತಿದ್ದಳು. ಮುದ್ರೆಗೆ ಚಕ್ರ ತಾಗಿಸಬಾರದು ಎಂಬುದು ಪಾಲಿಶ್‌ನವರ ಮೊದಲ ಪಾಠ. ಊರವರ ಉಂಗುರಗಳಲ್ಲಿ ಅವಳು ಅದನ್ನು ಒಂದು ದಿನವೂ ಮೀರಿದವಳಲ್ಲ.

“ನಿಂದನ್ನೇ ತಿಂದುಹಾಕ್ತಿದೀಯಲ್ಲೇ,” ಎಂದು ವಿಲ್ಫ್ ಒಂದು ವರ್ಷ ರೇಗಿಸಿದ.

“ತಿನ್ನಲಿ ಬಿಡು. ಯಾರು ಕೊಟ್ಟಿದ್ದು ಅಂತ ಮುದ್ರೆ ಓದಿ ತಿಳ್ಕೋಬೇಕಾ ನಾನು?”

“ನಿಮ್ಮಮ್ಮಂದೂ ಕೊಡು, ಹೊಳೆಸ್ತೀನಿ.”

ಅವಳು ಕೈ ಹಿಂದಕ್ಕೆಳೆದುಕೊಂಡಳು. “ಅದನ್ನ ಮಾತ್ರ ಮುಟ್ಟಬೇಡ. ಅಮ್ಮ ಕಂಡವರ ಬಟ್ಟೆ ಒಗೆದು ಸವೆಸಿರೋದೇ ಸಾಕು.”

*

“ಇಲ್ಲಿ ನೋಡು,” ವಿಲ್ಫ್ ಭೂತಗನ್ನಡಿಯನ್ನು ಗ್ಲೆನಿಸ್‌ಗೆ ಕೊಟ್ಟ. “ಈಗ ಬೆರಳಿಂದ ತೆಗೆದಿದ್ದರ ಲಂಗರಿಗೆ ಎರಡೂ ಕೊಕ್ಕೆ ಇವೆ. ಎರಡೂ ಸಮಸಮ ಸವೆದಿವೆ, ಕೈಲಿ ಹಾಕ್ಕೊಂಡು ದುಡಿದು ಸವೆದದ್ದು ಹೀಗೇ. ನಿನ್ನ ಹತ್ರ ಇರೋದ್ರಲ್ಲಿ ಬಲಗಡೆ ಕೊಕ್ಕೇನೇ ಇಲ್ಲ. ಚಕ್ರ ತಿಂದಿದ್ದು ಅದು. ಎಡಗೈಯವರು ಒಡ್ಡಿದ್ರೆ ಮಾತ್ರ ಆ ಕಡೆ ಹೋಗುತ್ತೆ. ನಮ್ಮಲ್ಲಿ ಎಡಚಿ ಅಂದ್ರೆ ನಿಮ್ಮಮ್ಮ ಒಬ್ಬಳೇ.”

“ಹಂಗಾದ್ರೆ ಅಜ್ಜಿದನ್ನ ಸುಡ್ತಿದ್ವಿ,” ಎಂದಳು ಗ್ಲೆನಿಸ್. ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಮುಚ್ಚಳದ ತಿರುಪುಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ ಪ್ಯೂ ತನ್ನ ಬೂಟು ನೋಡುತ್ತಿದ್ದ.

ವಿಲ್ಫ್ ಒಂದೇ ಕೊಕ್ಕೆಯ ಉಂಗುರವನ್ನು ಕೋಟಿನ ತೋಳಿಗೆ ಎರಡು ಸಲ ತಿಕ್ಕಿ ಗ್ಲೆನಿಸ್‌ಳ ಕೈಗಿಟ್ಟ. ಅಮ್ಮನ ಬೆರಳಿನ ಮೇಲೆ ಅರವತ್ತು ವರ್ಷದ ಎರಡು ತಗ್ಗುಗೆರೆಗಳು ಅಕ್ಕಪಕ್ಕದಲ್ಲಿ ಬಿಳಿಚಿಕೊಂಡಿದ್ದವು. ಉಂಗುರ ಗೆಣ್ಣು ದಾಟಿ ಒಂದರಲ್ಲಿ ಕೂತಿತು. ಇನ್ನೊಂದು ಖಾಲಿಯೇ ಉಳಿಯಿತು. ಗ್ಲೆನಿಸ್ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು, ಪ್ಯೂ ಮುಚ್ಚಳ ಎತ್ತಿಕೊಂಡು ಬರುವವರೆಗೂ ತೆಗೆಯಲಿಲ್ಲ.