ಕೈ ನಡುಕ

"ಅದನ್ನ ಚೆಲ್ಲಬೇಡಿ ಅತ್ತೆ."

ಕಿಟಕಿಯ ಕಟ್ಟೆಯಿಂದ ಎತ್ತಿದ್ದ ನೀರಿನ ಬಾಟಲಿಯನ್ನು ಸೊಸೆಯ ಮಾತಿಗೆ ಅತ್ತೆ ಅಲ್ಲೇ ಇಟ್ಟರು. ಹಿಂದಿನ ದಿನವಷ್ಟೇ ಮಗನನ್ನು ಮಣ್ಣು ಮಾಡಿ ಬಂದಿದ್ದರು. ಜ್ವರವೆಂದು ಮಲಗಿದವನು ಏಳಲಿಲ್ಲ. ನೆಂಟರೆಲ್ಲ ಬೆಳಗಿನ ಬಸ್ಸು ಹಿಡಿದಿದ್ದರು. ಹಾಲಿನವನು ಎಂದಿನಂತೆ ಬೆಲ್ ಒತ್ತಿ ಹೋಗಿದ್ದ.

ಆ ಬಾಟಲಿಯನ್ನು ಅವಳ ಗಂಡ ದಿನಾ ಬೆಳಿಗ್ಗೆ ತೋಳು ಚಾಚಿ ಹಿಡಿದು ನಿಲ್ಲುತ್ತಿದ್ದ. ಒಳಗಿನ ನೀರು ಅಲುಗಬಾರದು. "ಮದುವೆ ಫೋಟೋ ತೆಗೆಯೋಕೆ ಹೋಗ್ತೀಯೋ, ಕುಸ್ತಿಗೆ ಹೋಗ್ತೀಯೋ?" ಎಂದು ಅತ್ತೆ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಹಳೆಯ ಕ್ಯಾಮೆರಾಕ್ಕೆ ಒಳ್ಳೆಯ ಲೆನ್ಸ್ ಕೊಳ್ಳುವುದೋ, ಕ್ಯಾಮೆರಾವನ್ನೇ ಬದಲಾಯಿಸುವುದೋ ಎಂದು ಅವನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಕೊನೆಗೆ, ಅವನಿಗೆ ಕೆಲಸ ಕಲಿಸಿದ ಸ್ಟುಡಿಯೋದ ಅಣ್ಣನೇ ತೀರ್ಪು ಕೊಟ್ಟಿದ್ದ: "ಕ್ಯಾಮೆರಾ ಬಾಡಿನೇ ಹೊಸದು ತಗೋ. ಲೆನ್ಸ್ ನಂದೇ ಒಂದಿದೆ, ಸದ್ಯಕ್ಕೆ ಇಟ್ಕೋ."

ಹೊಸ ಕ್ಯಾಮೆರಾ ಬಂತು. ಎರವಲು ಲೆನ್ಸ್ ಕೂತಿತು. ತೆಗೆದ ಮದುವೆಗಳಲ್ಲೆಲ್ಲ ಮುಖ ಮಬ್ಬು. ಮದುಮಗಳ ಕೈಯ ಹೂಗುಚ್ಛ ಮಾತ್ರ ಎಸಳೆಸಳಾಗಿ ಸ್ಪಷ್ಟ. "ನಾವು ಮದುವೆ ಮಾಡಿದ್ದು ಹೂವಿಗೇನ್ರೀ?" ಎಂದು ಒಬ್ಬ ಹೆಣ್ಣಿನ ತಂದೆ ಆಲ್ಬಮ್ಮನ್ನು ಅವನ ಮುಂದೆಯೇ ಎಸೆದಿದ್ದ. ಸ್ಟುಡಿಯೋದವನು ಆ ಪುಟಗಳನ್ನು ತಿರುವಿ ಹಾಕಿ ಹೇಳಿದ್ದ, "ಕ್ಯಾಮೆರಾ ಹೊಸದು, ಲೆನ್ಸ್ ನಂದು. ಇನ್ನು ಉಳಿದಿದ್ದು ನಿನ್ನ ಕೈ ತಾನೇ?"

ಅವಳೂ ನಂಬಿದ್ದಳು. ನರಕ್ಕೆ ಒಳ್ಳೆಯದೆಂದು ಅವಳೇ ತಂದುಕೊಟ್ಟ ಗುಳಿಗೆಗಳು ಬಾಟಲಿಯ ಹಿಂದೆ ಇನ್ನೂ ಅರ್ಧ ಉಳಿದಿದ್ದವು.

ಸ್ಟುಡಿಯೋದ ಅಣ್ಣನ ಫೋನ್ ಬಂತು.

"ತಂಗಿ, ಈ ಹೊತ್ತಲ್ಲಿ ಕೇಳಬಾರದು. ನಾಳೆ ದೊಡ್ಡ ಮದುವೆ ಒಂದಿದೆ. ಆ ಲೆನ್ಸು..."

"ತಂದುಕೊಡ್ತೀನಿ ಅಣ್ಣ."

"ಮಣ್ಣು ಇನ್ನೂ ಆರಿಲ್ಲ, ಆಗಲೇ ಜ್ಞಾಪಕ ಬಂತು ಮಾರಾಯನಿಗೆ," ಎಂದರು ಅತ್ತೆ.

ಲೆನ್ಸ್ ಕೆಡಿಸಿ ಕೊಟ್ಟಿರಿ ಎಂದು ನಾಳೆ ಹೇಳಿಸಿಕೊಳ್ಳುವುದು ಬೇಡವೆಂದು ಅವಳು ಒಮ್ಮೆ ಪರೀಕ್ಷಿಸಿದಳು. ಊಟದ ಮೇಜಿನ ಮೇಲೆ ಮೂರು ಲೋಟಗಳನ್ನು ಒಂದರ ಹಿಂದೊಂದು ಇಟ್ಟಳು. ಆಚೆ ತುದಿಯಲ್ಲಿ ಪುಸ್ತಕಗಳ ಮೇಲೆ ಕ್ಯಾಮೆರಾ ಇಟ್ಟು, ನಡುವಿನ ಲೋಟಕ್ಕೆ ಫೋಕಸ್ ಮಾಡಿ, ಟೈಮರ್ ಹಾಕಿ ಹಿಂದೆ ಸರಿದಳು. ನಡುವಿನ ಲೋಟ ಮಬ್ಬಾಗಿತ್ತು. ಅದರ ಮುಂದೆ, ಕ್ಯಾಮೆರಾಕ್ಕೆ ಹತ್ತಿರವಿದ್ದ ಲೋಟದ ಮೇಲಿನ ಗೀರುಗಳು ಕೂಡ ಕಾಣುತ್ತಿದ್ದವು. ಮತ್ತೆ ತೆಗೆದಳು. ಹಾಗೇ ಬಂತು. ಅವನ ಹಳೆಯ ಚಿಕ್ಕ ಲೆನ್ಸ್ ಹಾಕಿದಾಗ ನಡುವಿನ ಲೋಟ ಸ್ಪಷ್ಟವಾಗಿ ಬಂತು. ಮತ್ತೆ ಎರವಲಿನದನ್ನು ಹಾಕಿದಳು. ಮಬ್ಬು.

ಕ್ಯಾಮೆರಾವನ್ನು ಯಾರ ಕೈಯೂ ಹಿಡಿದಿರಲಿಲ್ಲ.

ಅವಳು ಮೂರೂ ಲೋಟಗಳನ್ನು ತೊಳೆದು ಬೋರಲು ಹಾಕಿ, ಚೀಲ ಹೆಗಲಿಗೇರಿಸಿ ಹೊರಟಳು.

ಸ್ಟುಡಿಯೋದವನು ಎದ್ದು ನಿಂತು ಕುರ್ಚಿ ಸರಿಸಿದ. "ಒಳ್ಳೇ ಹುಡುಗ. ಕೈಯೊಂದು ನೆಟ್ಟಗಿದ್ದಿದ್ದರೆ ಎಲ್ಲೋ ಹೋಗಿರ್ತಿದ್ದ."

"ಈ ಲೆನ್ಸು ಫೋಕಸ್ ಇಟ್ಟ ಕಡೆ ಹಿಡಿಯಲ್ಲ ಅಣ್ಣ. ಅದಕ್ಕಿಂತ ಮುಂದಿರೋದನ್ನ ಹಿಡಿಯುತ್ತೆ."

"ಹೂಂ, ಅದು ಮೊದಲಿಂದಲೂ ಹಾಗೇ," ಎಂದ ಅವನು, ಲೆನ್ಸನ್ನು ಬಟ್ಟೆಯಿಂದ ಒರೆಸುತ್ತಾ. "ನನ್ನ ಕ್ಯಾಮೆರಾದಲ್ಲಿ ಅದಕ್ಕೆ ತಕ್ಕ ಹಾಗೆ ಸೆಟ್ಟಿಂಗ್ ಮಾಡಿಟ್ಟಿದೀನಿ. ಅವನ ಹೊಸದರಲ್ಲೂ ಇದೆಯಲ್ಲ, ಅರ್ಧ ನಿಮಿಷದ ಕೆಲಸ." ಒರೆಸುತ್ತಿದ್ದ ಕೈ ನಿಂತಿತು. "ಹೇಳಿದ್ದೆ ಅನ್ಸುತ್ತೆ. ಹೇಳಿರಲಿಲ್ವಾ?"

ಅವಳು ಚೀಲದ ಬಾಯಿ ಮುಚ್ಚಿದಳು.

ಅವನು ತನ್ನ ಕ್ಯಾಮೆರಾ ತೆಗೆದು ಲೆನ್ಸ್ ಕೂಡಿಸಿದ. ಮುಖ ಮರೆಮಾಡಲು ಅದೇ ಅನುಕೂಲವೆನಿಸಿತೇನೋ, ಕಣ್ಣಿಗೆ ಹಿಡಿದ. "ಅಲ್ಲೇ ನಿಂತಿರು ತಂಗಿ. ಒಂದು ನೋಡಿಬಿಡೋಣ."

ಕ್ಲಿಕ್ಕಿಸಿ ಪರದೆಯನ್ನು ಅವಳತ್ತ ತಿರುಗಿಸಿದ. ಅವಳ ಮುಖದಲ್ಲಿ ರೆಪ್ಪೆಯ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

"ನೋಡು, ಎಷ್ಟು ಚೊಕ್ಕ!"

ಅವಳು ಚಿತ್ರದಿಂದ ಕಣ್ಣು ತೆಗೆದು ಕ್ಯಾಮೆರಾ ಹಿಡಿದ ಅವನ ಕೈಯನ್ನು ನೋಡಿದಳು. ಅದು ಸಣ್ಣಗೆ, ಒಂದೇ ಸಮನೆ ನಡುಗುತ್ತಿತ್ತು.