ಬೆಳೆಸುವ ಸೂಜಿ

ಯಾದಗಿರಿಯ ಡಾಕ್ಟರ್ ಸಾವಿತ್ರಿಬಾಯಿ ಆ ಪ್ರಶ್ನೆ ಕೇಳಿದಾಗ ಉಮಾ, ಮಕ್ಕಳಾಗಲೆಂದು ಚಿಕಿತ್ಸೆಗೆ ಬಂದಿದ್ದ ಅಕ್ಕ ಸುಮಂಗಲಾಳ ಪಕ್ಕದಲ್ಲೇ ಕೂತಿದ್ದಳು.

"ಹಿಂದಿನ ಸಲ ಅಂಡಾಶಯದಾಗ ತತ್ತಿ ಸರಿಯಾಗಿ ಬೆಳೀಲಿಲ್ಲ. ಈ ಸಲ ಮೊದಲಿನ ಸೂಜಿ ಜೋಡೀಲೆ ಬೆಳವಣಿಗೆ ಹಾರ್ಮೋನಿನ ಸೂಜಿ ಕೊಟ್ಟು ನೋಡೋಣು. ಕೆಲವರಿಗೆ ಉಪಯೋಗ ಆಗೇದ, ಎಲ್ಲಾರಿಗೂ ಆಗ್ತದಂತ ಹೇಳಂಗಿಲ್ಲ. ಮೈಯಾಗ ಎಲ್ಯಾದ್ರೂ ಗಂಟು ಅದಾವೇನ್ರಿ? ಮನ್ಯಾಗ ಯಾರಿಗಾದ್ರೂ ಕ್ಯಾನ್ಸರ್ ಆಗಿತ್ತೇನು? ಹಂಗಿದ್ರ ಮೊದಲ ತಪಾಸ ಮಾಡಿಸಬೇಕು."

"ಏನೂ ಇಲ್ರಿ, ಯಾರಿಗೂ ಆಗಿಲ್ರಿ," ಎಂದಳು ಸುಮಂಗಲಾ.

ಅವರ ಅವ್ವ ಮೋನಮ್ಮ ಸತ್ತದ್ದೇ ಎದೆಯ ಕ್ಯಾನ್ಸರಿನಿಂದ. ಕೊನೆಕೊನೆಗೆ ಅವಳ ಹುಣ್ಣು ತೊಳೆದವರು ಈ ಇಬ್ಬರು ಹೆಣ್ಣುಮಕ್ಕಳೇ. ಉಮಾ ಬಾಯಿ ತೆರೆಯುವಷ್ಟರಲ್ಲಿ ಸುಮಂಗಲಾ ಅವಳ ಬೆರಳುಗಳನ್ನು ನೋಯುವಷ್ಟು ಒತ್ತಿ ಹಿಡಿದಳು. ಉಮಾ ಸುಮ್ಮನಾದಳು.

"ಅವ್ವಂದು ಯಾಕ ಹೇಳಲಿಲ್ಲಕ್ಕ?" ಬಸ್ ನಿಲ್ದಾಣದಲ್ಲಿ ಕೇಳಿದಳು.

"ಹೇಳಿದ್ರ ಆ ತಪಾಸ ಈ ತಪಾಸ ಅಂತ ತಡಾ ಮಾಡ್ತಾರ. ನನ್ನ ವಯಸ್ಸು ಕಾಯ್ತದೇನು? ನೀ ಎರಡು ಹಡದಾಕಿ, ನಿನಗ ತಿಳೆಂಗಿಲ್ಲ."

ಸುರಪುರದಲ್ಲಿ ನರ್ಸ್ ಆಗಿದ್ದ ಉಮಾ ಡ್ಯೂಟಿ ಮುಗಿಸಿ, ಅಕ್ಕನಿಗೆ ಸೂಜಿ ಹಾಕಲು ದಿನಾ ಸಂಜೆ ಅವಳ ಊರು ಶಹಾಪುರದ ಬಸ್ಸು ಹತ್ತುತ್ತಿದ್ದಳು. ಅಕ್ಕನ ಗಂಡ ಕಾಂತೇಶ ಹತ್ತಿ ವ್ಯಾಪಾರದವನು. ಗಿರಾಕಿಗಳನ್ನು ಬಿಟ್ಟು ಅಷ್ಟೊತ್ತಿಗೆ ಮನೆಗೆ ಬಂದುಬಿಡುತ್ತಿದ್ದ. ಅತ್ತೆ ಸಾಯಬಮ್ಮ ಫ್ರಿಜ್ಜಿನಲ್ಲಿ ಹಾಲು ಮೊಸರು ಸರಿಸಿ ಔಷಧಕ್ಕೆ ಜಾಗ ಮಾಡಿದ್ದಳು. ಅದರ ಬಾಗಿಲು ತೆಗೆಯುವಾಗೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಸ್ಕ್ಯಾನಿಂಗ್‌ನಲ್ಲಿ ತತ್ತಿಗಳು ಈ ಸಲ ಚೆನ್ನಾಗಿ ಬೆಳೆಯುತ್ತಿವೆ ಎಂದು ಗೊತ್ತಾದಾಗ ಸಾಯಬಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಔಷಧದಿಂದ ಸುಮಂಗಲಾಳ ಬೆರಳುಗಳು ಬಾತು ಉಂಗುರ ಬಿಗಿಯಾಗಿತ್ತು. ಅದನ್ನೂ ಅವಳು ನಕ್ಕು ತೋರಿಸಿದಳು.

ಒಂದು ಸಂಜೆ ಉಮಾ ಕೋಣೆಗೆ ಬಂದಾಗ ಸುಮಂಗಲಾ ಕೈಯೆತ್ತಿ ತಲೆ ಬಾಚಿಕೊಳ್ಳುತ್ತಿದ್ದವಳು ಚುರ್ರೆಂದು ನೋವಾದಂತೆ ಕೈ ಇಳಿಸಿದಳು. ಉಮಾ ಕೇಳದೆ ಅವಳ ಬಗಲಿಗೆ ಕೈ ಹಾಕಿದಳು. ಹುಣಸೆ ಬೀಜದಂಥ ಗಟ್ಟಿ ಗಂಟು. ಒತ್ತಿದರೂ ಜರುಗಲಿಲ್ಲ. ಅವ್ವನ ಬಗಲಿನಲ್ಲಿ ಇಂಥದೇ ಗಂಟನ್ನು ಉಮಾಳ ಬೆರಳು ಮುಟ್ಟಿತ್ತು.

"ಇದು ಯಾವಾಗಿಂದ ಐತಿ?"

"ಡಾಕ್ಟರ್ ಕೇಳಿದಾಗೂ ಇತ್ತು. ಅವಾಗ ಸಣ್ಣದಿತ್ತು."

ಉಮಾ ಔಷಧ ತುಂಬಿದ ಸೂಜಿ ಹಿಡಿದಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ನಾ ಇನ್ನ ಸೂಜಿ ಹಾಕಂಗಿಲ್ಲ."

"ತತ್ತಿ ತಗದ ಮ್ಯಾಲ ತೋರಿಸ್ತೀನಿ. ಇಷ್ಟ ದಿನ ತಡದೈತಿ, ಇನ್ನೊಂದೀಟು ತಡೀತದ."

"ಅದು ತಡಿಯಾಕತ್ತಿಲ್ಲಕ್ಕ. ಬೆಳಿಯಾಕತ್ತೈತಿ."

ಸುಮಂಗಲಾ ತಂಗಿಯ ಕೈಯಿಂದ ಸೂಜಿ ಕಸಿದು ತನ್ನ ಹೊಟ್ಟೆಗೆ ತಾನೇ ಚುಚ್ಚಿಕೊಂಡಳು.

"ಆತೇನು?" ಹೊರಗಿನಿಂದ ಕಾಂತೇಶ ಕೇಳಿದ.

"ಆತ್ರಿ," ಎಂದಳು ಸುಮಂಗಲಾ, ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲದೆ.

ಮರುದಿನ ಉಮಾ ರಜೆ ಹಾಕಿ ಯಾದಗಿರಿಗೆ ಹೋಗಿ ಡಾಕ್ಟರ್ ಮುಂದೆ ಎಲ್ಲವನ್ನೂ ಹೇಳಿದಳು, ತಾನು ಸುಮ್ಮನೆ ಕೂತದ್ದನ್ನೂ. ಬೆಳವಣಿಗೆ ಹಾರ್ಮೋನಿನ ಸೂಜಿ ಅಂದೇ ನಿಂತಿತು. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅವ್ವನ ರೋಗವೇ ಆಗಿತ್ತು. ಕ್ಯಾನ್ಸರಿನ ಔಷಧ ಶುರುವಾದರೆ ತತ್ತಿ ಉಳಿಯುವುದು ಕಷ್ಟವೆಂದು, ಕ್ಯಾನ್ಸರಿನ ದೊಡ್ಡ ಡಾಕ್ಟರರ ಒಪ್ಪಿಗೆ ಪಡೆದು ಅವನ್ನು ಮೊದಲೇ ಹೊರತೆಗೆದರು. ಕಾಂತೇಶನ ವೀರ್ಯದೊಡನೆ ಕೂಡಿಸಿದಾಗ ಭ್ರೂಣಗಳಾದವು. ಅವನ್ನು ಹೆಪ್ಪುಗಟ್ಟಿಸಿ ಜೋಪಾನವಾಗಿ ಇಟ್ಟರು.

"ಸೂಜೀಲಿಂದನ ರೋಗ ಹೆಚ್ಚಾತೇನ್ರಿ?" ಉಮಾ ಕೇಳಿದಳು.

"ಅದನ್ನ ಯಾರಿಗೂ ಖರೇ ಹೇಳಾಕ ಬರಂಗಿಲ್ಲವ್ವ," ಎಂದರು ಸಾವಿತ್ರಿಬಾಯಿ.

ಎದೆಯ ಆಪರೇಷನ್ ಆಗಿ ಸುಮಂಗಲಾಳಿಗೆ ಎಚ್ಚರವಾಯಿತು. ಉಮಾ ಗಂಜಿ ಕುಡಿಸಿದಳು, ಬ್ಯಾಂಡೇಜು ಬದಲಿಸಿದಳು. ತಂಗಿ ಡಾಕ್ಟರಿಗೆ ಹೇಳಿದ ಸಿಟ್ಟಿಗೆ ಅಕ್ಕ ಗೋಡೆಯ ಕಡೆಗೇ ಮುಖ ಮಾಡಿದ್ದಳು. ಆಸ್ಪತ್ರೆಯಿಂದ ಬಿಡುವ ದಿನ, ಕಾಂತೇಶ ಗಾಡಿ ತರಲು ಹೋದಾಗ, ಅವಳು ಇತ್ತ ತಿರುಗಿದಳು.

"ನನ್ನ ಮೈಯಾಗ ಇನ್ನ ಆ ಭ್ರೂಣಗಳ್ನ ಇಡಂಗಿಲ್ಲಂತ."

"ಮೊದಲ ನೀ ಆರಾಮಾಗು ಅಕ್ಕ."

ಸುಮಂಗಲಾಳ ಕಣ್ಣು ನಿಧಾನವಾಗಿ ಉಮಾಳ ಹೊಟ್ಟೆಯ ಮೇಲೆ ಇಳಿಯಿತು. ಅಲ್ಲೇ ನಿಂತಿತು.

"ನಿನ್ನ ಹೊಟ್ಟ್ಯಾಗ ಇಡಾಕ ಬರ್ತದಂತ. ನಾ ಡಾಕ್ಟರ್‌ಗೆ ಕೇಳೀನಿ," ಎಂದಳು.